ಹಳೇ ಪೇಪರ್‌ಗಳಲ್ಲಿ ಎಲ್ಲಾ ಸುದ್ದೀನೂ ‘ಬರ್ತಿತ್ತು’ ಯಾಕೆ?

ಪ್ರಶ್ನೆ: ಹಳೇ ಕನ್ನಡ ಪೇಪರ್‌ಗಳ ಸ್ಕ್ಯಾನ್ ಓದ್ತಾ ಇದೀನಿ, ‘ತಿಳಿದುಬಂದಿದೆ’, ‘ಕಂಡುಬಂದಿದೆ’, ‘ತಂತಿ ಬಂದಿದೆ’, ಎಲ್ಲಿ ನೋಡಿದ್ರೂ ಬರು ಧಾತುನೇ. ಮನೇಲಿ ಯಾರೂ ಹಿಂಗೆ ಮಾತಾಡಲ್ಲ, ‘ಗೊತ್ತಾಯ್ತು’ ಅಂತೀವಿ ಅಷ್ಟೇ. ಯಾಕೆ ಹೀಗೆ?

ಉತ್ತರ 1: ಆಗ ಸುದ್ದಿ ನಿಜವಾಗ್ಲೂ ದೂರದಿಂದ ಬರಬೇಕಿತ್ತಲ್ವಾ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುವಾದಾಗ ಜನರಿಗೆ ತಂತಿ ಸೇವೇನೂ ಇರ್ಲಿಲ್ಲ, ಟಪಾಲೇ ಗತಿ.

ಉತ್ತರ 2: ನಂಗೆ ಮುಖ್ಯ ಅನ್ಸೋದು ವ್ಯಾಕರಣ. ‘ತಿಳಿಯಲ್ಪಟ್ಟಿದೆ’ ಅಂದ್ರೆ ಕನ್ನಡದ ಬಾಯಿಗೆ ಒಗ್ಗಲ್ಲ, ‘ತಿಳಿದುಬಂದಿದೆ’ ಅಂದ್ರೆ ಕರ್ತೃ ಇಲ್ದೇನೂ ವಾಕ್ಯ ಸಲೀಸಾಗಿ ನಿಲ್ಲುತ್ತೆ, ಯಾರು ಹೇಳಿದ್ರು ಅಂತ ಬರೀದೇನೇ ಸುದ್ದಿ ಮುಗಿಸ್ಬೋದು. ‘ಪೊಲೀಸರು ಹೇಳಿದರು’ ಅಂದ್ರೆ ಹೊಣೆ ಅವರದ್ದು, ‘ತಿಳಿದುಬಂದಿದೆ’ ಅಂದ್ರೆ ಯಾರದ್ದೂ ಅಲ್ಲ. ಓದೋರಿಗೆ ಇದು ಅನ್ಯಾಯ ಅಂತ್ಲೇ ನನ್ನ ಅಭಿಪ್ರಾಯ, ಭಾಷೆ ಎಷ್ಟೇ ಚೆನ್ನಾಗಿದ್ರೂ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಈಗ ಅರ್ಥ ಆಯ್ತು. ‘ಬೆಳಕಿಗೆ ಬಂದಿದೆ’ ಅನ್ನೋದೂ ಇದೇ ಜಾತೀದಾ?

ಉತ್ತರ 2: ಹೂಂ, ಆದ್ರೆ ಅದ್ರಲ್ಲಿ ಇಷ್ಟು ದಿನ ಯಾರೋ ಮುಚ್ಚಿಟ್ಟಿದ್ರು ಅನ್ನೋ ಅರ್ಥಾನೂ ಸೇರ್ಕೊಂಡಿರುತ್ತೆ.