ಏಪ್ರಿಲ್, ಮೇ ಬಿಸಿಲಿನಲ್ಲಿ ದಿನದ ನಡಿಗೆಯನ್ನು ಬಿಡದೆ ಮುಂದುವರಿಸುವುದು ಹೇಗೆ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನಗೆ 62 ವರ್ಷ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಆರು ವರ್ಷಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ 40 ನಿಮಿಷ ನಡೆಯಬೇಕೆಂದು ವೈದ್ಯರು ಹೇಳಿದಂದಿನಿಂದ ಉಣಕಲ್ ಕೆರೆಯ ಕಡೆಗೆ ನಡೆದು ಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಳೆದ ವಾರ ಮನೆಗೆಲಸ ಮುಗಿಸಿ ಹೊರಡುವಷ್ಟರಲ್ಲಿ ಎಂಟೂವರೆಯಾಗಿತ್ತು. ಮರಳಿ ಬರುವಾಗ ದೊಡ್ಡ ರಸ್ತೆಯ ಬದಿಯಲ್ಲಿ ಕಣ್ಣಿಗೆ ಕತ್ತಲೆ ಬಂದಂತಾಗಿ, ಕಲ್ಲಂಗಡಿ ಮಾರುವ ಬಂಡಿಯೊಂದರ ಗಾಲಿ ಹಿಡಿದು ಕುಳಿತುಬಿಟ್ಟೆ. ಬಂಡಿಯ ಅಜ್ಜಿ ತಾವು ಕುಡಿಯಲು ತಂದಿದ್ದ ತಂಬಿಗೆಯ ನೀರನ್ನು ನನ್ನ ಕೈಗೆ ಕೊಟ್ಟು, ಹತ್ತು ನಿಮಿಷ ಸೆರಗಿನಿಂದ ಗಾಳಿ ಬೀಸಿದರು. ಮನೆಗೆ ಬಂದ ಮೇಲೂ ಮಧ್ಯಾಹ್ನದವರೆಗೆ ತಲೆ ನೋಯುತ್ತಿತ್ತು.

ಮಳೆಗಾಲ ಬರುವವರೆಗೆ ಹೊರಗೆ ನಡೆಯುವುದೇ ಬೇಡ ಎಂದು ಮಗ ಹೇಳುತ್ತಾನೆ. ಸೊಂಟಕ್ಕೆ ಉಳ್ಳಾಗಡ್ಡಿ ಸಿಕ್ಕಿಸಿಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂದು ನಾದಿನಿ ಹೇಳುತ್ತಾಳೆ. ನಡಿಗೆ ಬಿಟ್ಟರೆ ಸಕ್ಕರೆ ಏರುತ್ತದೆ, ಬಿಡದಿದ್ದರೆ ಹೀಗಾಗುತ್ತದೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ನೀರು ಕುಡಿಯಬೇಕು, ನನ್ನಂಥವರು ಓಆರ್‌ಎಸ್ ಕುಡಿಯಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಶುಶ್ರೂಷಾಧಿಕಾರಿ, ಧಾರವಾಡ

ಅಕ್ಕಾವರೇ, ಕುಳಿತುಕೊಂಡದ್ದು ಒಳ್ಳೆಯದಾಯಿತು. ಇನ್ನು ಹತ್ತು ಹೆಜ್ಜೆಯಲ್ಲಿ ಮನೆ ಮುಟ್ಟುತ್ತೇನೆ ಎಂದು ಮುಂದುವರಿದವರೇ ಬಿದ್ದು ಪೆಟ್ಟು ಮಾಡಿಕೊಳ್ಳುವುದು.

ನಿಮ್ಮ ವಿಷಯದಲ್ಲಿ ಬಿಸಿಲಿಗಿಂತ ಮೊದಲು ಗುಳಿಗೆಗಳ ಬಗ್ಗೆ ಯೋಚಿಸಬೇಕೆಂದು ನನಗೆ ಅನ್ನಿಸುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನೂ ಉಪ್ಪನ್ನೂ ಹೊರಗೆ ಹಾಕುತ್ತವೆ. ಇನ್ನು ಕೆಲವು ಹೃದಯದ ಬಡಿತವನ್ನು ತಗ್ಗಿಸುವುದರಿಂದ, ಕಾವನ್ನು ಹೊರಹಾಕಲು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಯಬೇಕಾದಾಗ ದೇಹಕ್ಕೆ ಕಷ್ಟವಾಗುತ್ತದೆ. ಇದನ್ನು ಓದಿ ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಕಣ್ಣು ಕತ್ತಲಿಟ್ಟ ಸಂಗತಿಯನ್ನು ಹೇಳಿ, ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ಬದಲಿಸಬೇಕೇ ಎಂದು ನಿಮ್ಮ ವೈದ್ಯರನ್ನೇ ಕೇಳಿ. ಎರಡನೆಯದಾಗಿ, ಸಕ್ಕರೆ ಇಳಿದಾಗಲೂ ಇದೇ ರೀತಿ ಬೆವರು, ನಡುಕ, ತಲೆಸುತ್ತು ಬರುವುದರಿಂದ ಎರಡನ್ನೂ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗುವುದಿಲ್ಲ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ, ಸಂಚಿಯಲ್ಲಿ ನಾಲ್ಕು ಗ್ಲೂಕೋಸ್ ಗುಳಿಗೆಯನ್ನೋ ಒಂದಿಷ್ಟು ಸಕ್ಕರೆಯನ್ನೋ ಇಟ್ಟುಕೊಳ್ಳಿ.

ಬೆವರು ಸುರಿದರೆ ಸಾಲದು, ಅದು ಚರ್ಮದ ಮೇಲೆಯೇ ಆರಬೇಕು. ಆರುವಾಗಲೇ ಅದು ದೇಹದ ಕಾವನ್ನು ಒಯ್ಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆಯ ಗಾಳಿ ಒಣಗಿರುವುದರಿಂದ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ, ನೀರು ಕಳೆದುಕೊಂಡದ್ದು ಅರಿವಿಗೇ ಬರುವುದಿಲ್ಲ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರದೆ ಮೈಗಂಟುತ್ತದೆ. ಆಗ ಉಷ್ಣಾಂಶ ಎರಡು ಡಿಗ್ರಿ ಕಡಿಮೆಯಿದ್ದರೂ ನಡೆಯುವವರಿಗೆ ಹೆಚ್ಚು ಕಷ್ಟ. ದೇಹ ಹೊಸ ಕಾವಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆದ್ದರಿಂದ ಈಗ 15 ನಿಮಿಷದಿಂದ ಶುರುಮಾಡಿ, ಒಂದೆರಡು ದಿನಕ್ಕೊಮ್ಮೆ ಐದೈದು ನಿಮಿಷ ಹೆಚ್ಚಿಸಿ.

40 ನಿಮಿಷದ ಬೆಳಗಿನ ನಡಿಗೆಗೆ ಓಆರ್‌ಎಸ್ ಬೇಕಿಲ್ಲ. ಒಂದು ಲೀಟರಿಗೆ ಕಲಸುವ ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್ ಮತ್ತು 2.6 ಗ್ರಾಂ ಉಪ್ಪು ಇರುತ್ತದೆ. ಎರಡೂ ನಿಮಗೆ ಲೆಕ್ಕದ ವಸ್ತುಗಳು. ಹೊರಡುವ ಮೊದಲು ಒಂದು ಲೋಟ ನೀರು, ಬಂದ ಮೇಲೆ ನೀರು ಅಥವಾ ತೆಳುವಾದ ಮಜ್ಜಿಗೆ ಸಾಕು. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ನೀರು ಸಾಕಾಗುತ್ತಿದೆ ಎಂದರ್ಥ. ಉಳ್ಳಾಗಡ್ಡಿಯನ್ನು ಊಟದಲ್ಲಿ ತಿನ್ನಿ. ಸೊಂಟದಲ್ಲಿದ್ದು ಅದು ಮೈಯ ಕಾವನ್ನು ಇಳಿಸುವುದಿಲ್ಲ.

ಉತ್ತರ: ಆಶಾ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಅಕ್ಕಾವರೇ, ನಿಮಗೆ ಹೊತ್ತನ್ನು ಆರಿಸಿಕೊಳ್ಳುವ ಅನುಕೂಲವಿದೆ. ನಾನು ಬಾಣಂತಿಯರ ಮನೆಗೆ ಹನ್ನೆರಡು ಗಂಟೆಗೂ ಹೋಗಬೇಕಾಗುತ್ತದೆ. ಹಾಗೆ ಹೋಗಿ ಹೋಗಿ ಕಲಿತದ್ದನ್ನು ಬರೆಯುತ್ತೇನೆ.

ಛತ್ರಿಯನ್ನು ಮಳೆಗಾಲಕ್ಕೆಂದು ಅಟ್ಟದಲ್ಲಿ ಇಡಬೇಡಿ. ಟೊಪ್ಪಿಗೆ ತಲೆಗೆ ಮಾತ್ರ, ಛತ್ರಿ ಹೆಗಲಿಗೂ ಬೆನ್ನಿಗೂ ನೆರಳು ಕೊಡುತ್ತದೆ. ನಾನು ತೆಳುವಾದ ಹತ್ತಿಯ ಟವೆಲ್ಲೊಂದನ್ನು ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಕುತ್ತಿಗೆಯ ಹಿಂದಿನಿಂದ ಎರಡೂ ಹೆಗಲ ಮೇಲೆ ಇಳಿಬಿಡುತ್ತೇನೆ. ಒಣಗಾಳಿಯ ದಿನ ಅದು ಕಾಲು ಗಂಟೆಯಲ್ಲಿ ಅಂಚಿನಿಂದ ಗರಿಗರಿಯಾಗಿ ಒಣಗುತ್ತ ಬರುತ್ತದೆ. ಅಂಚು ಗರಿಯಾಯಿತೆಂದರೆ ಅದೇ ನನಗೆ ಗಂಟೆ ಬಾರಿಸಿದಂತೆ. ಯಾರದಾದರೂ ಕಟ್ಟೆಯ ಮೇಲೆ ನೆರಳಿನಲ್ಲಿ ಕುಳಿತು, ಟವೆಲ್ಲನ್ನು ಮತ್ತೆ ಅದ್ದಿ, ಒಂದು ಲೋಟ ನೀರು ಕುಡಿದೇ ಏಳುತ್ತೇನೆ. ಬಾಯಾರಿದ ಮೇಲೆ ಗಟಗಟನೆ ಒಂದು ತಂಬಿಗೆ ಕುಡಿಯುವುದಕ್ಕಿಂತ ಹೀಗೆ ಹದಿನೈದಿಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿಯುವುದು ಮೈಗೆ ಹಿಡಿಯುತ್ತದೆ. ಇಡೀ ದಿನ ಸುತ್ತಾಟವಿದ್ದರೆ ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆಯೋ ಅಂಬಲಿಯೋ ಹೊಟ್ಟೆಗೆ ಬೀಳಬೇಕು.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳಿಗಾಗಿ ಹೇಳುತ್ತೇನೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬಹಳ ಮಂದಿ ಬೆಳಿಗ್ಗೆಯಿಂದ ನೀರನ್ನೇ ಮುಟ್ಟುವುದಿಲ್ಲ. ನಾನೂ ಹಾಗೆ ಮಾಡಿ ಉರಿಮೂತ್ರ ಹಚ್ಚಿಕೊಂಡಿದ್ದೇನೆ. ಯಾವ ಮನೆಯಲ್ಲಿ, ಯಾವ ಶಾಲೆಯಲ್ಲಿ ಕೇಳಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಿ, ಆದರೆ ನೀರು ಬಿಡಬೇಡಿ. ಕೇಳಲು ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಉತ್ತರ: ನಿತ್ಯ ನಡೆಯುವವನು, ಗದಗ

ದಾರಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸಂಜೆ ಆರಕ್ಕೆ ಬಿಸಿಲು ಇಳಿದಿದ್ದರೂ ಡಾಂಬರು ಮತ್ತು ಕಾಂಕ್ರೀಟು ಹಗಲಿಡೀ ಕುಡಿದ ಕಾವನ್ನು ಕತ್ತಲಾದ ಮೇಲೂ ಉಗುಳುತ್ತಿರುತ್ತವೆ. ಮರದ ಬುಡದ ಮಣ್ಣು ಅಷ್ಟು ಕಾಯುವುದೇ ಇಲ್ಲ. ನಮ್ಮ ಭೀಷ್ಮ ಕೆರೆಯ ಕಡೆಗಾಗಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ಸಾಲಿನಲ್ಲಾಗಲಿ ನಡೆದವರಿಗೆ ಈ ವ್ಯತ್ಯಾಸ ಮೊಣಕಾಲಿನವರೆಗೂ ತಿಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂಜೆಗಿಂತ ಬೆಳಗಿನ ಹೊತ್ತೇ ಮೇಲು. ಮೇ ತಿಂಗಳಲ್ಲಿ ಸೂರ್ಯ ಹುಟ್ಟುವುದು ಆರರ ಸುಮಾರಿಗೆ. ಐದೂವರೆಗೆ ಹೊರಟು ಆರೂವರೆಯೊಳಗೆ ಮನೆ ಸೇರಿರಿ. ಅಗಲವಾದ ದೊಡ್ಡ ರಸ್ತೆಯನ್ನು ಬಿಟ್ಟು, ಎರಡು ಸುತ್ತು ಹೆಚ್ಚಾದರೂ ಬೇವು, ಹುಣಸೆಯ ನೆರಳಿರುವ ಒಳರಸ್ತೆಯನ್ನು ಹಿಡಿಯಿರಿ.

ಸಂಜೆಯೇ ನಡೆಯಬೇಕಾದವರು ಮುಗಿಲನ್ನು ನೋಡಿಕೊಂಡು ಹೊರಡಬೇಕು. ಅಡ್ಡಮಳೆ ಬರುವುದು ಬಹುಮಟ್ಟಿಗೆ ಮಧ್ಯಾಹ್ನದ ನಂತರವೇ, ಅದರೊಡನೆ ಸಿಡಿಲೂ ಬರುತ್ತದೆ. ಗುಡುಗು ಕೇಳಿಸಿತೆಂದರೆ ಕೆರೆಯ ದಂಡೆಯಿಂದಲೂ ಒಂಟಿ ಮರದ ಕೆಳಗಿನಿಂದಲೂ ದೂರ ಸರಿದು ಗಟ್ಟಿ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು.

ಪ್ರಶ್ನೆ ಕೇಳಿದವರು

ಎಲ್ಲರ ಮಾತನ್ನೂ ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಎರಡೇ ಸಂದೇಹ ಉಳಿದಿವೆ. 40 ನಿಮಿಷವನ್ನು ತುಂಡು ಮಾಡಿ ನಡೆದರೆ ಪ್ರಯೋಜನವಿದೆಯೇ? ನನ್ನ ಜೊತೆ ನಡೆಯುವವರಿಗೆ ಏನಾದರೂ ಆದರೆ ನಾನು ಮೊದಲು ಏನು ಮಾಡಬೇಕು?

ಉತ್ತರ: ಶುಶ್ರೂಷಾಧಿಕಾರಿ, ಧಾರವಾಡ

ಖಂಡಿತ ಇದೆ. ಊಟವಾದ ಮೇಲೆ ಮನೆಯೊಳಗೇ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಊಟದ ನಂತರ ಏರುವ ಸಕ್ಕರೆ ತಗ್ಗುತ್ತದೆ. ಬೆಳಿಗ್ಗೆ 20 ನಿಮಿಷ ಹೊರಗೆ, ಎರಡು ಊಟಗಳ ನಂತರ ಹತ್ತು ಹತ್ತು ನಿಮಿಷ ಒಳಗೆ ನಡೆದರೆ ನಿಮ್ಮ ಲೆಕ್ಕ ಮುಗಿಯಿತು. ಮಾಳಿಗೆಯ ಮೇಲೆ ಮಾತ್ರ ಬೇಡ, ಅದು ರಾತ್ರಿಯವರೆಗೂ ಕಾದಿರುತ್ತದೆ.

ಎರಡನೆಯ ಪ್ರಶ್ನೆಗೆ ಬಹಳ ಗಮನ ಕೊಡಿ. ತಲೆಸುತ್ತು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು ಇಷ್ಟೇ ಇದ್ದರೆ ನೆರಳು, ನೀರು, ಕಾಲು ಮೇಲೆತ್ತಿ ಮಲಗುವುದರಿಂದ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಮಾತು ತೊದಲಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಹೆಜ್ಜೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಕೈಗೆ ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೂ ಕಂಕುಳಿಗೂ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ಹನಿ ನೀರನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ನಾಳೆ ಐದೂವರೆಗೆ ಒಳರಸ್ತೆಯಿಂದ 15 ನಿಮಿಷ ಮಾತ್ರ ನಡೆಯುತ್ತೇನೆ, ಸೋಮವಾರ ವೈದ್ಯರನ್ನು ಕಾಣುತ್ತೇನೆ. ಮಧ್ಯಾಹ್ನದವರೆಗೂ ಆ ಬಂಡಿಯ ಬಳಿ ಕೂರುವ ಅಜ್ಜಿಗೆ ಹಿಂಡಿದ ಟವೆಲ್ಲಿನ ಸಂಗತಿಯನ್ನು ಇಂದು ಸಂಜೆಯೇ ಹೋಗಿ ಹೇಳಿ ಬರುತ್ತೇನೆ. ಮನೆಯಲ್ಲಿ ಎರಡು ಛತ್ರಿಗಳಿವೆ, ಒಂದನ್ನು ಅವರಿಗೆ ಕೊಡುತ್ತೇನೆ.