ಕ್ಯಾಡಿಜ್ ಜನಸಂಖ್ಯೆ: 1.18 ಲಕ್ಷವೋ, 6.29 ಲಕ್ಷವೋ, 12 ಲಕ್ಷವೋ?

ಸೋಮವಾರಪೇಟೆ_ಓದುಗ:
ಕಾಲೇಜಿನ ಗೋಡೆಪತ್ರಿಕೆಗೆ ಸ್ಪೇನಿನ ಕ್ಯಾಡಿಜ್ ಬಂದರಿನ ಬಗ್ಗೆ ಎರಡು ಪುಟ ಬೇಕಾಗಿದೆ. ಜನಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಸಿಗುತ್ತಿದೆ. ಯಾವುದನ್ನು ಹಾಕಲಿ? ಅಷ್ಟು ದೊಡ್ಡ ವ್ಯಾಪಾರ ಕಂಡ ಊರಲ್ಲಿ ಜನ ಕಡಿಮೆಯಾಗುತ್ತಿರುವುದೇಕೆ? ನಮ್ಮ ಕಡೆಯ ಕಾಳುಮೆಣಸು ಅಲ್ಲಿಗೆ ಹೋಗುತ್ತಿತ್ತು ಅಂತ ಒಂದು ಸಾಲು ಸೇರಿಸಬಹುದಾ?

ಗಣತಿಪ್ರಿಯ:
ಮೂರೂ ಸರಿ, ಆದರೆ ಮೂರೂ ಬೇರೆಬೇರೆ ಜಾಗದ್ದು. ನಮ್ಮಲ್ಲಿ ಜಿಲ್ಲೆ ಕೊಡಗು, ಕೇಂದ್ರ ಮಡಿಕೇರಿ, ಹಾಗಾಗಿ ಗೊಂದಲ ಇಲ್ಲ. ಅಲ್ಲಿ ನಗರಕ್ಕೂ ಪ್ರಾಂತ್ಯಕ್ಕೂ ಒಂದೇ ಹೆಸರು. 2016ರ ಲೆಕ್ಕದಲ್ಲಿ ನಗರಸಭೆ ವ್ಯಾಪ್ತಿಗೆ 1,18,919. ಈಗ ಇನ್ನೂ ಇಳಿದಿದೆ. 6.29 ಲಕ್ಷ ಎಂದರೆ ಕೊಲ್ಲಿಯ ಸುತ್ತಲಿನ ಊರುಗಳೂ ಸೇರಿದ ನಗರ ಪ್ರದೇಶ. 12 ಲಕ್ಷ ಇಡೀ ಪ್ರಾಂತ್ಯದ್ದು. ಅದರಲ್ಲಿ ಅತಿ ದೊಡ್ಡ ಊರು ಪ್ರಾಂತ್ಯದ ರಾಜಧಾನಿಯಾದ ಕ್ಯಾಡಿಜ್ ಅಲ್ಲ, ಎರಡು ಲಕ್ಷ ದಾಟಿದ ಹೆರೆಸ್.

ಮೂಲ ಅಂಕಿ ಬೇಕಾದರೆ ಸ್ಪೇನಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಜಾಲತಾಣಕ್ಕೆ ಹೋಗಿ. ಪ್ರತಿ ವರ್ಷ ಜನವರಿ 1ಕ್ಕೆ ಅನ್ವಯಿಸುವ ನಗರಸಭಾ ನೋಂದಣಿ ಪಟ್ಟಿ ಅಲ್ಲಿ ಸಿಗುತ್ತದೆ. ಹೆಸರಿನಿಂದ ಹುಡುಕಬೇಡಿ, ಸಂಕೇತ ಸಂಖ್ಯೆ ನೋಡಿ: ಪ್ರಾಂತ್ಯ 11, ಕ್ಯಾಡಿಜ್ ನಗರ 11012, ಹೆರೆಸ್ 11020. ಫಿಲಿಪೀನ್ಸಿನಲ್ಲೂ ಒಂದು ಕ್ಯಾಡಿಜ್ ಉಂಟು, ಬರೀ ಹೆಸರು ಹಾಕಿದರೆ ಅದರ ಅಂಕಿಯೂ ನುಸುಳುತ್ತದೆ. ಇನ್ನೊಂದು: ಅವರು ಸಾವಿರಕ್ಕೆ ಅಲ್ಪವಿರಾಮ ಹಾಕದೆ ಚುಕ್ಕಿ ಹಾಕುತ್ತಾರೆ. 118.919 ಅಂತಿದ್ದರೆ ಅದು ದಶಮಾಂಶವಲ್ಲ. ಎಕ್ಸೆಲ್‌ಗೆ ಹಾಗೇ ಅಂಟಿಸಿದರೆ ಕ್ಯಾಡಿಜ್‌ನಲ್ಲಿ ನೂರಾ ಹತ್ತೊಂಬತ್ತು ಜನ ಉಳಿಯುತ್ತಾರೆ!

ಹಳೆಯ ಗಣತಿಗಳಲ್ಲಿ ಎರಡು ಕಾಲಂ ಇರಬಹುದು: ಆ ದಿನ ಊರಲ್ಲಿದ್ದವರು, ಕಾನೂನಿನ ಪ್ರಕಾರ ಅಲ್ಲಿನ ನಿವಾಸಿಗಳು. ನಾವಿಕರು, ಸೈನಿಕರು ತುಂಬಿರುವ ಬಂದರಿನಲ್ಲಿ ಇವೆರಡನ್ನು ಬೆರೆಸಿ ಗ್ರಾಫ್ ಎಳೆದರೆ ಇಲ್ಲದ ಏರಿಳಿತ ಕಾಣುತ್ತದೆ.

ಹಳೇ_ನಕ್ಷೆ:
ಇತಿಹಾಸಕ್ಕೆ: ಟೈರ್‌ನ (ಇಂದಿನ ಲೆಬನಾನ್) ಫೀನಿಷಿಯನ್ ವ್ಯಾಪಾರಿಗಳು ಕ್ರಿ.ಪೂ. 1104ರ ಸುಮಾರಿಗೆ ಗಾದಿರ್, ಅಂದರೆ ಇಂದಿನ ಕ್ಯಾಡಿಜ್, ಕಟ್ಟಿದರು ಎಂಬುದು ಪ್ರಾಚೀನ ಲೇಖಕರ ಮಾತು. ಉತ್ಖನನದಲ್ಲಿ ಸಿಕ್ಕ ಕುರುಹುಗಳು ಅದಕ್ಕಿಂತ ಕೆಲವು ಶತಮಾನ ಈಚಿನವು. ಹಾಗಾಗಿ "ಎಂದು ಹೇಳಲಾಗುತ್ತದೆ" ಅಂತ ಸೇರಿಸದೆ 1104 ಬರೆಯಬೇಡಿ. ಕೊಲಂಬಸ್‌ನ ಎರಡನೆಯ (1493), ನಾಲ್ಕನೆಯ (1502) ಯಾನ ಹೊರಟಿದ್ದು ಇಲ್ಲಿಂದ. ಮೊದಲನೆಯದಲ್ಲ, ಬಹಳ ಜನ ತಪ್ಪುವುದು ಇಲ್ಲೇ. 1596ರಲ್ಲಿ ಇಂಗ್ಲಿಷ್-ಡಚ್ ಪಡೆ ಊರನ್ನು ಸೂರೆ ಮಾಡಿತು.

ಅಮೆರಿಕದ ವ್ಯಾಪಾರ ಮೊದಲು ಸೆವಿಲ್ಲೆಯ ಕೈಯಲ್ಲಿತ್ತು. ಸಮುದ್ರದಿಂದ ಆ ಊರಿಗೆ ಹೋಗುವ ದಾರಿಯಾದ ಗ್ವಾದಲ್‌ಕಿವೀರ್ ನದಿಯಲ್ಲಿ ಹೂಳು, ಅದರ ಬಾಯಲ್ಲಿ ಮರಳದಿಬ್ಬ. ಹಡಗುಗಳ ಗಾತ್ರ ಹೆಚ್ಚಿದಂತೆ ಒಳಗೆ ಹೋಗುವುದೇ ಕಷ್ಟವಾಯಿತು. 1717ರಲ್ಲಿ ವ್ಯಾಪಾರ ನಿಯಂತ್ರಿಸುವ ಕಚೇರಿಯೇ ಕ್ಯಾಡಿಜ್‌ಗೆ ಬಂತು. ಆದರೆ 1778ರ ರಾಜಾಜ್ಞೆ ಸ್ಪೇನಿನ ಬೇರೆ ಬಂದರುಗಳಿಗೂ ಆ ವ್ಯಾಪಾರದ ಬಾಗಿಲು ತೆರೆಯಿತು, ಆಮೇಲೆ ಬ್ರಿಟಿಷರ ದಿಗ್ಬಂಧನ, ಅದರ ಹಿಂದೆಯೇ ವಸಾಹತುಗಳ ಸ್ವಾತಂತ್ರ್ಯ. 1810ರಿಂದ 1812ರವರೆಗೆ ಫ್ರೆಂಚರು ಮುತ್ತಿಗೆ ಹಾಕಿ ಕೂತಿದ್ದಾಗಲೇ, 1812ರ ಮಾರ್ಚ್ 19ರಂದು, ಸ್ಪೇನಿನ ಸಂವಿಧಾನ ಇಲ್ಲಿ ಘೋಷಣೆಯಾಯಿತು.

ಕಾಳುಮೆಣಸಿನ ಸಾಲು ಬಿಡಿ. ಪೋರ್ಚುಗೀಸರು ಮಲಬಾರ್ ಕರಾವಳಿಯಿಂದ ಒಯ್ದ ಮೆಣಸು ಸೇರಿದ್ದು ಲಿಸ್ಬನ್‌ಗೆ. ಕ್ಯಾಡಿಜ್ ಹೆಸರಾಗಿದ್ದು ಅಮೆರಿಕದ ಬೆಳ್ಳಿ, ಕೋಕೋ, ತಂಬಾಕಿನಿಂದ.

ಸೋಮವಾರಪೇಟೆ_ಓದುಗ:
ಧನ್ಯವಾದ ಸರ್. ಹಾಗಾದರೆ ಜನ ಇಳಿಯುತ್ತಿರುವುದೂ ಆ ವ್ಯಾಪಾರ ಹೋದ ಕಾರಣಕ್ಕೇನಾ?

ಗಣತಿಪ್ರಿಯ:
ಅಲ್ಲ. 18ನೆಯ ಶತಮಾನದ ಕೊನೆಗೆ ಅಲ್ಲಿದ್ದವರು ಸುಮಾರು 70 ಸಾವಿರ. 1980ರ ದಶಕದಲ್ಲಿ ಒಂದೂವರೆ ಲಕ್ಷ ದಾಟಿತ್ತು. ಇಳಿದದ್ದು ಅದಾದ ಮೇಲೆ. ಹಡಗುಕಟ್ಟೆಗಳ ಕೆಲಸ ಕುಗ್ಗಿದ್ದು ಒಂದು ಕಾರಣ. ಜಾಗವಿಲ್ಲದಿರುವುದು ಅದಕ್ಕಿಂತ ದೊಡ್ಡದು: ಮೂರು ಕಡೆ ನೀರು, ನಾಲ್ಕನೆಯ ಕಡೆ ಕಿರಿದಾದ ಮರಳಿನ ಪಟ್ಟಿ. ಮರಳುನೆಲದಲ್ಲಿ ಎತ್ತರಕ್ಕೆ ಕಟ್ಟಬೇಕಾದರೆ ನೆಲದಾಳಕ್ಕೆ ಕಂಬ ಇಳಿಸಿ ಮಾಡುವ ಪೈಲ್ ಅಡಿಪಾಯ ಬೇಕು, ಖರ್ಚು ಏರುತ್ತದೆ. ಹೊಸದಾಗಿ ಸಂಸಾರ ಹೂಡುವವರು ಮನೆ ಸಿಗುವ ಸುತ್ತಲಿನ ಊರುಗಳಾದ ಚಿಕ್ಲಾನಾ, ಪೋರ್ತೋ ರಿಯಾಲ್ ಕಡೆ ಹೋಗುತ್ತಾರೆ. 2015ರಲ್ಲಿ ಕೊಲ್ಲಿಗೆ ಎರಡನೆಯ ಸೇತುವೆ ಬಂದ ಮೇಲೆ ಅಲ್ಲಿದ್ದುಕೊಂಡೇ ಕೆಲಸಕ್ಕೆ ಬರುವುದು ಇನ್ನೂ ಸುಲಭ.

2011ರ ಗಣತಿಯಂತೆ ನಮ್ಮ ಕೊಡಗು ಜಿಲ್ಲೆಯಲ್ಲಿ ಚದರ ಕಿ.ಮೀ.ಗೆ 135 ಜನ. ಕ್ಯಾಡಿಜ್ ನಗರದಲ್ಲಿ ಇಷ್ಟು ಇಳಿದ ಮೇಲೂ ಸುಮಾರು ಒಂಬತ್ತು ಸಾವಿರ. ಪುಟದಲ್ಲಿ ನಗರದ ಅಂಕಿಯನ್ನೂ ಕೊಲ್ಲಿ ಪ್ರದೇಶದ ಅಂಕಿಯನ್ನೂ ಅಕ್ಕಪಕ್ಕ ಹಾಕಿ, ಎರಡಕ್ಕೂ ವರ್ಷ ಬರೆಯಿರಿ.