ಸಹಾಯ ಬೇಕು: ಗುಹೆ ನುಸಿಯ ಹಳೇ ಸ್ಲೈಡುಗಳು

ನಮಸ್ಕಾರ. ರಗಿಡಿಡೇ ಕುಟುಂಬದ ಒಂದು ಗುಹೆ ನುಸಿ ಯಾವ ಕುಲಕ್ಕೆ ಸೇರುತ್ತೆ ಅಂತ ಮತ್ತೆ ನೋಡ್ತಿದ್ದೀನಿ. ನಮ್ಮ ತೆಂಗಿನ ನುಸಿಯ ದೂರದ ನೆಂಟ, ಆದ್ರೆ ಇದು ಬೇಟೆಗಾರ.

ಮ್ಯೂಸಿಯಂನಲ್ಲಿರೋದು 4 ಸಿಂಟೈಪ್ (ಹೆಸರಿಟ್ಟಾಗ ಒಟ್ಟಾಗಿ ಆಧಾರವಾದ ಮಾದರಿಗಳು) ಸ್ಲೈಡು ಮಾತ್ರ, ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಮಾದರಿ) ಗುರುತಿಸಿಲ್ಲ. ನುಸಿಯನ್ನ ಸ್ಲೈಡಲ್ಲಿ ಕೂರಿಸಿರೋ ಅಂಟು, ಅಂದ್ರೆ ಹೋಯರ್ ಮಾಧ್ಯಮ, ಹರಳುಗಟ್ಟಿದೆ. ಮುಂಗಾಲುಗಳ ತುದಿಯ ರಗಿಡಿಯಲ್ ಅಂಗಗಳ (ಪುಟ್ಟ ಸಂವೇದನಾ ಅಂಗಗಳು) ಜೋಡಣೆ ನೋಡದೆ ಕುಲ ಹೇಳೋಕಾಗಲ್ಲ. ಸೂಕ್ಷ್ಮದರ್ಶಕದ ಫೇಸ್ ಕಾಂಟ್ರಾಸ್ಟ್‌ನಲ್ಲೂ ಕಾಣ್ತಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿದ್ರೆ ಹೋಯರ್ ಕರಗುತ್ತೆ. ಬೇರೊಂದು ಸಾಮಾನ್ಯ ನುಸಿಯ ಸ್ಲೈಡಲ್ಲಿ ಮಾಡಿ ನೋಡಿದೆ, ಕಾಲೇ ಕಳಚಿಹೋಯ್ತು. ಟೈಪ್ ಮಾದರಿಗೆ ಹಾಗಾದ್ರೆ ಮತ್ತೆ ಸಿಗಲ್ಲ.

ಲೆಕ್ಟೋಟೈಪ್ (ಸಿಂಟೈಪುಗಳಲ್ಲಿ ಹೆಸರಿಗೆ ಆಧಾರ ಅಂತ ಆಮೇಲೆ ಆರಿಸೋ ಒಂದು) ಒಮ್ಮೆ ಪ್ರಕಟಿಸಿದ್ರೆ ಹೆಸರು ಅದಕ್ಕೇ ಅಂಟುತ್ತೆ, ನನ್ನ ಗೊಂದಲ ಅಲ್ಲೇ. ಇದ್ದುದರಲ್ಲಿ ಚೆನ್ನಾಗಿರೋದನ್ನ ಈಗಲೇ ಲೆಕ್ಟೋಟೈಪ್ ಅಂತ ಆರಿಸಿ, ಇನ್ನೊಂದು ಸ್ಲೈಡನ್ನ ನೆನೆಸಿ ಬಿಚ್ಚಲಾ? ಇಲ್ಲಾ ಮೊದಲು ಒಂದನ್ನ ಬಿಚ್ಚಿ, ಅಂಗಗಳು ಕಂಡ ಮೇಲೆ ಅದನ್ನೇ ಆರಿಸಲಾ? ಈ ಕೆಲಸ ಮಾಡಿದವರು ಯಾವುದನ್ನ ಮೊದಲು ಮಾಡಿದ್ರಿ?